ಬಂಡೆಗೆ ಬ್ಯಾಕಪ್ ಇಲ್ಲ

ರಾಕ್ ಗಾರ್ಡನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಚಂಡೀಗಢ. ಎರಡು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಹೋದಾಗ ನಾನೂ ನೋಡಿ ಬಂದೆ. ನೇಕ್ ಚಂದ್ ಎಂಬ ರಸ್ತೆ ಇನ್‌ಸ್ಪೆಕ್ಟರ್ 1957ರ ಸುಮಾರಿಗೆ, ಸರ್ಕಾರಿ ಜಾಗದಲ್ಲಿ ಯಾರಿಗೂ ಹೇಳದೆ, ಕಲ್ಲು, ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಕಟ್ಟೋಕೆ ಶುರು ಮಾಡಿದ ತೋಟ ಅದು. 1976ರಲ್ಲಿ ಜನರಿಗೆ ತೆರೆಯಿತು. 1996ರಲ್ಲಿ ಅವರು ಅಮೆರಿಕ ಪ್ರವಾಸದಲ್ಲಿದ್ದಾಗ ಯಾರೋ ನುಗ್ಗಿ ಗೊಂಬೆಗಳನ್ನು ಒಡೆದು ಹಾಕಿದರು. ಆಮೇಲೆ ದೇಶ ವಿದೇಶದ ಸ್ವಯಂಸೇವಕರೂ ದುರಸ್ತಿಗೆ ಕೈಜೋಡಿಸಿದರು. ಚೂರುಗಳಿಂದಲೇ ಹುಟ್ಟಿದ ತೋಟವಲ್ಲವೇ, ಒಡೆದರೂ ಮತ್ತೆ ಚೂರು ಸೇರಿಸಿ ನಿಲ್ಲಿಸಬಹುದು.

ನಮ್ಮ ಬೆಂಗಳೂರಲ್ಲೂ ಕಲ್ಲಿನ ತೋಟ ಒಂದಿದೆ. ನಾವ್ಯಾರೂ ಅದನ್ನು ಹಾಗೆ ಕರೆಯಲ್ಲ, ಅಷ್ಟೆ. ಮೊನ್ನೆ ಭಾನುವಾರ ಅಕ್ಕನ ಮಗಳನ್ನು ಕರ್ಕೊಂಡು ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಲಾಲ್‌ಬಾಗ್‌ಗೆ ಹೋಗಿದ್ದೆ. ಬಂಡೆ ಹತ್ತುತ್ತಾ ಅವಳು ಕೇಳಿದಳು, "ಮಾಮ, ಇಷ್ಟು ದೊಡ್ಡ ಕಲ್ಲನ್ನ ಇಲ್ಲಿಗೆ ಯಾರು ತಂದಿಟ್ರು?"

"ಯಾರೂ ತಂದಿಲ್ಲ ಪುಟ್ಟಿ. ಇದರ ಪಕ್ಕಕ್ಕೇ ತೋಟ ಬಂತು."

ಹೈದರ್ ಅಲಿ ಇಲ್ಲಿ ತೋಟ ಹಾಕಿಸಲು ಆರಂಭಿಸಿದ್ದು 1760ರಲ್ಲಿ. ಬಂಡೆಯ ನೆತ್ತಿಯಲ್ಲಿರುವ ಕೆಂಪೇಗೌಡರ ಗೋಪುರ ಇನ್ನೂ ಹಳೆಯದು. ಬಂಡೆಯ ವಯಸ್ಸೋ, ಸುಮಾರು 300 ಕೋಟಿ ವರ್ಷ! ಕಪ್ಪು ಬಿಳಿ ಪಟ್ಟೆಗಳ ಈ ಕಲ್ಲಿಗೆ ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಅನ್ನುತ್ತಾರೆ. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿತು.

ಒಂದು ಕಡೆ ಯಾರೋ ಮೊಳೆಯಿಂದ ಹೆಸರು ಕೆತ್ತಿದ್ದರು. "ಇದನ್ನ ಅಳಿಸೋಕಾಗಲ್ವಾ?" ಅಂದಳು. ಬಣ್ಣವಾಗಿದ್ದರೆ ತೊಳೆಯಬಹುದಿತ್ತು. ಕೆತ್ತಿದ್ದನ್ನು ಅಳಿಸಬೇಕಾದರೆ ಬಂಡೆಯನ್ನೇ ಇನ್ನಷ್ಟು ಉಜ್ಜಬೇಕು.

ಸಾಫ್ಟ್‌ವೇರ್ ಕೆಲಸದಲ್ಲಿ ಏನೇ ಕೆಟ್ಟರೂ ಹಿಂದಿನ ವರ್ಷನ್‌ಗೆ ಹೋಗ್ತೀವಿ. ಲಾಲ್‌ಬಾಗ್‌ನಲ್ಲೂ ಗಾಜಿನ ಮನೆಯ ಗಾಜು ಒಡೆದರೆ ಬೇರೆ ಹಾಕಬಹುದು, ಮರ ಬಿದ್ದರೆ ಸಸಿ ನೆಡಬಹುದು. ಬಂಡೆಗೆ ಮಾತ್ರ ಬ್ಯಾಕಪ್ ಇಲ್ಲ. ಒಮ್ಮೆ ಸೀಳಿದರೆ ಯಾವ ಎಂಜಿನಿಯರ್ರೂ ಮೊದಲಿನಂತೆ ಮಾಡಿಕೊಡಲಾರ.

2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಮಾತಿನಲ್ಲಿ ಲಾಲ್‌ಬಾಗ್ ಹೆಸರೂ ಬಂದಾಗ ಜನ ದನಿ ಎತ್ತಿದರು. ದಿನಾ ಟ್ರಾಫಿಕ್‌ನಲ್ಲಿ ಒದ್ದಾಡುವ ನನಗೂ ರಸ್ತೆ ಬೇಕು. ಆದರೆ ರಸ್ತೆಗೆ ಇನ್ನೊಂದು ದಾರಿ ಹುಡುಕಬಹುದು, ಬಂಡೆಗೆ ಹುಡುಕೋಕಾಗಲ್ಲ. ಕೆಲವನ್ನು ಜೀರ್ಣೋದ್ಧಾರ ಮಾಡಿ ಉಳಿಸಬೇಕು. ಕೆಲವನ್ನು ಮುಟ್ಟದೆ ಬಿಟ್ಟೇ ಉಳಿಸಬೇಕು.