ಅಮ್ಮಿಯ ಎರಡು ದಿನದ ರಜೆ

ಫಸ್ಟ್ ಪಿಯುಸಿಯಲ್ಲಿದ್ದಾಗ ಕನ್ನಡ ಪ್ರಬಂಧದಲ್ಲಿ ‘ನಮ್ಮ ಮನೆಯಲ್ಲಿ ದಾದಿ ಇದ್ದಾರೆ’ ಎಂದು ಬರೆದಿದ್ದೆ. ‘ಮನೆಯಲ್ಲೇ ನರ್ಸ್ ಇಟ್ಟುಕೊಂಡಿದ್ದೀರಾ?’ ಎಂದು ಮೇಡಂ ಕೇಳಿದರು. ನಮ್ಮ ಉರ್ದುವಿನಲ್ಲಿ ದಾದಿ ಎಂದರೆ ಅಬ್ಬಾ ಅವರ ತಾಯಿ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಅನ್ನಿಸಿತು, ಮೇಡಂ ಕೇಳಿದ್ದೇನೂ ತಪ್ಪಲ್ಲ. ಕನ್ನಡದ ದಾದಿಯೂ ನಮ್ಮ ಮನೆಯಲ್ಲಿದ್ದಾರೆ. ಅವರು ನನ್ನ ಅಮ್ಮಿ.

ಮೂರು ವರ್ಷದ ಹಿಂದೆ ದಾದಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಅರ್ಧಂಬರ್ಧ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಗಂಜಿ ಕುಡಿಸುವಾಗ ನೆಟ್ಟಗೆ ಕೂರಿಸಬೇಕು, ಕುಡಿಸಿದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಇದೆಲ್ಲ ಅಮ್ಮಿಯ ಕೆಲಸ, ರಾತ್ರಿ ಎರಡು ಗಂಟೆಗೂ.

ಅಬ್ಬಾ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ವಾರಕ್ಕೊಂದು ರಜೆ ಉಂಟು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಅದನ್ನು ಕೊಟ್ಟಿದೆ. ಅಮ್ಮಿಯ ಕೆಲಸ ಯಾವ ಕಾಯ್ದೆಯಲ್ಲೂ ಬರುವುದಿಲ್ಲ. ಹೆಂಗಸರು ಮನೆಯಲ್ಲಿ ಮಾಡುವ ಕೆಲಸಕ್ಕೆ ಹಣ ಕೊಡದ ಕಾರಣ ಅದು ಜಿಡಿಪಿಗೆ ಸೇರುವುದಿಲ್ಲ ಎಂದು ಎಕನಾಮಿಕ್ಸ್‌ನಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೇವೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಮನೆಯವರ ಆರೈಕೆಯ ಲೆಕ್ಕ ಬೇರೆ.

ಕಳೆದ ವರ್ಷ ಒಂದು ರಾತ್ರಿ ನಾನು ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ಲೆಕ್ಕ ಮಾಡುತ್ತಿದ್ದೆ. ಒಳಗಿನಿಂದ ಅಮ್ಮಿ ಕೂಗಿದ್ದು ಕೇಳಿಸಿತು: ‘ಈಗ ತಾನೇ ಚಾದರ್ ಬದಲಿಸಿದೆ! ಬೇಕಂತಲೇ ಮಾಡ್ತೀರಾ?’ ಅಮ್ಮಿ ದಾದಿಗೆ ಏರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅಡುಗೆಮನೆಯಲ್ಲಿ ಅಳುವ ಸದ್ದು. ಹಿರಿಯರಿಗೆ ‘ಉಫ್’ ಕೂಡ ಅನ್ನಬಾರದೆಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವರೇ ಅಮ್ಮಿ. ಅವರು ದಾದಿಯ ಕಾಲ ಬಳಿ ಕೂತು ಮಾಫಿ ಕೇಳಿದರು. ನಾನು ಏನೂ ಕೇಳಿಸದವಳ ಹಾಗೆ ಪುಸ್ತಕಕ್ಕೆ ತಲೆ ಹಾಕಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮುಂದಿನ ತಿಂಗಳು ಹುಬ್ಬಳ್ಳಿಯ ಖಾಲಾ ಮಗಳ ನಿಕಾಹ್ ಇತ್ತು. ಬೆಳಿಗ್ಗೆ ಹೋಗಿ ಸಂಜೆಗೆ ದಾವಣಗೆರೆಗೆ ವಾಪಸ್ ಬರುತ್ತೇನೆ ಎಂದರು ಅಮ್ಮಿ. ಎರಡು ದಿನ ಇದ್ದು ಬರಲಿ ಎಂದು ನಾನು ಅಬ್ಬಾಗೆ ಹೇಳಿದೆ. ‘ಸೇವೆ ಮಾಡಿದರೆ ಅವಳಿಗೇ ಸವಾಬ್ ಅಲ್ಲವಾ’ ಎಂದರು. ‘ಅಷ್ಟೂ ಸವಾಬ್ ಅಮ್ಮಿಗೊಬ್ಬರಿಗೇ ಯಾಕೆ ಅಬ್ಬಾ, ನಮಗೂ ಪಾಲು ಬೇಡವಾ?’ ಎಂದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಫೂಪಿಗೆ ಫೋನ್ ಮಾಡಿದರು. ಫೂಪಿ ಇದೇ ಊರಿನಲ್ಲಿದ್ದಾರೆ. ಮೂರು ವರ್ಷದಿಂದ ತಪ್ಪದೆ ಹಣ್ಣು ತಂದುಕೊಟ್ಟು ಹೋಗುತ್ತಿದ್ದರು. ‘ಬಂದು ಇರು ಅಂತ ಯಾರೂ ಕೇಳಲೇ ಇಲ್ಲವಲ್ಲ’ ಎಂದರು. ಅದೂ ನಿಜ.

ಶನಿವಾರ ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ಅವಸರ ಮಾಡಿದೆ. ದಾದಿ ನೆತ್ತಿಗೇರಿ ಕೆಮ್ಮತೊಡಗಿದರು, ಕಣ್ಣು ಕೆಂಪಾದವು. ಅಬ್ಬಾ ಓಡಿಬಂದು ಮುಂದಕ್ಕೆ ಬಗ್ಗಿಸಿ ಹಿಡಿದರು. ನನ್ನ ಕೈ ನಡುಗುತ್ತಿತ್ತು. ‘ಬಹೂ ಕಾಂ ಗಯೀ?’ ಎಂದು ದಾದಿ ಆ ದಿನವೆಲ್ಲ ಕೇಳಿದರು: ಸೊಸೆ ಎಲ್ಲಿ? ರಾತ್ರಿ ಫೂಪಿ, ನಾನು ಸರದಿಯಂತೆ ಎದ್ದೆವು. ನಾಲ್ಕು ಗಂಟೆಗೆ ಮೂರನೇ ಸಲ ಮಗ್ಗುಲು ಬದಲಿಸುವಾಗ ನನ್ನ ಬಾಯಿಗೂ ಆ ಮಾತೇ ಬಂದಿತ್ತು, ಅಮ್ಮಿ ಕೂಗಿದ ಮಾತು. ಒಂದೇ ರಾತ್ರಿಗೆ!

ಅಮ್ಮಿ ಮೊದಲ ದಿನ ಹನ್ನೊಂದು ಸಲ ಫೋನ್ ಮಾಡಿದರು, ಎರಡನೇ ದಿನ ಎರಡೇ ಸಲ. ಭಾನುವಾರ ಸಂಜೆ ಕೈತುಂಬ ಮೆಹಂದಿ ಹಾಕಿಕೊಂಡು ಬಂದರು. ‘ರಾತ್ರಿ ಹತ್ತಕ್ಕೆ ಮಲಗಿದವಳು ಏಳಕ್ಕೆ ಎದ್ದೆ. ಫಜರ್ ಕೂಡ ಕಜಾ ಆಯಿತು’ ಎಂದು ಕದ್ದವರ ಹಾಗೆ ಮೆಲ್ಲಗೆ ಹೇಳಿದರು. ದಾದಿ ಎಡಗೈಯಿಂದ ಆ ಮೆಹಂದಿ ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಬಿಡಲೇ ಇಲ್ಲ.

ಈಗ ತಿಂಗಳ ಎರಡನೇ ಭಾನುವಾರ ಅಮ್ಮಿಗೆ ರಜೆ. ಒಮ್ಮೊಮ್ಮೆ ಫೂಪಿಗೆ ಬರಲು ಆಗುವುದಿಲ್ಲ, ಒಮ್ಮೊಮ್ಮೆ ಅಮ್ಮಿಯೇ ಹೊರಡುವುದಿಲ್ಲ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತು ಮಾತ್ರೆಯ ಲೆಕ್ಕ ಹೇಳುತ್ತಿರುತ್ತಾರೆ. ಈ ಭಾನುವಾರ ಪೂರ್ತಿ ಪಾಳಿ ನನ್ನದು. ಸೋಮವಾರ ಅಕೌಂಟೆನ್ಸಿ ಟೆಸ್ಟ್ ಇದೆ. ಸರ್ ಇದನ್ನು ಓದುತ್ತಿದ್ದರೆ, ನನ್ನ ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದರೆ, ಕಾರಣ ಮೊದಲೇ ಹೇಳಿದ್ದೇನೆ.