ಲೆಕ್ಕಕ್ಕಿಲ್ಲದ ಪೀರಿಯಡ್ಡು

ಮೇ ತಿಂಗಳು ಬಂತೆಂದರೆ ಯಾದಗಿರಿಯಲ್ಲಿ ಬಿಸಿಲಿನ ಸಂಗಡ ಫ್ಲೆಕ್ಸುಗಳೂ ಏರುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಬಸ್‌ಸ್ಟ್ಯಾಂಡಿನ ಸುತ್ತ ಒಂದು ಖಾಲಿ ಕಂಬ ಹುಡುಕಿದರೂ ಸಿಗುವುದಿಲ್ಲ. ಫ್ಲೆಕ್ಸಿನಲ್ಲಿ ಸಂಸ್ಥೆಯ ಅಧ್ಯಕ್ಷರು ಆಳೆತ್ತರ, ಕಾರ್ಯದರ್ಶಿಗಳು ಮೊಳದುದ್ದ, ರಾತ್ರಿಯೆಲ್ಲ ಕೂತು ಓದಿದ ಹುಡುಗ ಹುಡುಗಿಯರು ಪಾಸ್‌ಪೋರ್ಟ್ ಸೈಜು. ಅವರ ಗದ್ದದ ಕೆಳಗೆ ಶೇಕಡಾವಾರು, ಎರಡು ದಶಾಂಶದವರೆಗೆ. ಎಲ್ಲಕ್ಕೂ ಕೆಳಗೆ ಒಂದೇ ಸಾಲು: ಮಕ್ಕಳ ಸರ್ವಾಂಗೀಣ ವಿಕಾಸವೇ ನಮ್ಮ ಗುರಿ. ಸರ್ವಾಂಗ ಎಂದಮೇಲೆ ಕೈಕಾಲೂ ಸೇರಬೇಕಲ್ಲ? ಫ್ಲೆಕ್ಸಿಗೆ ಬರುವುದು ಕತ್ತಿನಿಂದ ಮೇಲಷ್ಟೇ.

ಅಬ್ಬೆತುಮಕೂರು ವಿಶ್ವಾರಾಧ್ಯರ ಮಠದ ಊರು. ಬೆಳಗಾದರೆ ಇಂಥ ಊರಿಂದಲೂ ಯಾದಗಿರಿ ಕಡೆಗೆ ಸ್ಕೂಲ್ ವ್ಯಾನು ಹೊರಡುತ್ತದೆ. ಅದನ್ನು ಹತ್ತುವ ಒಬ್ಬ ಹುಡುಗನಿಗೆ ಅಜ್ಜಿ ಹಣೆತುಂಬ ಹಚ್ಚಿದ ವಿಭೂತಿ, ಕುತ್ತಿಗೆಗೆ ಕಟ್ಟಿದ ಟೈ, ಕೈಯಲ್ಲಿ ರೊಟ್ಟಿಯ ಡಬ್ಬಿ. ಅರ್ಧ ಗಂಟೆ ಕಳೆದರೆ ಇದೇ ಹುಡುಗ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಯೇಸುವಿನ ಮೇಲಿನ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡುತ್ತಿರುತ್ತಾನೆ. ಹಿರಿಯರೊಬ್ಬರನ್ನು ಕೇಳಿದೆ: “ಮಠದ ಊರಾಗಿದ್ದು ಮೊಮ್ಮಗನ್ನ ಮಿಶನ್ ಸಾಲಿಗಿ ಯಾಕ ಹಾಕೀರಿ, ಕಾಕಾ?” ಅವರೇನೂ ಬೇಜಾರಾಗಲಿಲ್ಲ. “ಅಲ್ಲಿ ಶಿಸ್ತದ, ಇಂಗ್ಲಿಷದ. ಯಾವ ದೇವರಿಗರೆ ಕೈ ಮುಗೀಲಿ ಬಿಡ್ರಿ, ಕೈ ಮುಗಿಯೋದರೆ ಕಲೀತಾನ.” ಜಾತ್ರೆಯ ತೇರಿಗೆ ಉತ್ತತ್ತಿ ಎಸೆಯುವುದನ್ನೂ ಡಿಸೆಂಬರಿನಲ್ಲಿ ಮೇಣದಬತ್ತಿ ಹಚ್ಚುವುದನ್ನೂ ಆ ಹುಡುಗ ಒಂದೇ ಉಮೇದಿನಲ್ಲಿ ಮಾಡುತ್ತಾನೆ. ತಕರಾರು ಇರುವುದು ನಮ್ಮಂಥ ಹರಟೆಮಲ್ಲರಿಗೆ ಮಾತ್ರ.

ಮಿಶನ್ ಎಂದರೆ ನಮ್ಮ ಹಳಬರಿಗೆ ಶಾಲೆಗಿಂತ ಮೊದಲು ನೆನಪಾಗುವುದು ಮೆಥಡಿಸ್ಟರ ಹೋಲ್‌ಸ್ಟನ್ ಆಸ್ಪತ್ರೆ. ಹೆರಿಗೆ, ಹಾವು ಕಡಿತ, ಕಾಲರಾ, ಎಲ್ಲಕ್ಕೂ “ಮಿಶನ್ ದವಾಖಾನಿ”. ಅವರ ನೆನಪಿನಲ್ಲಿ ಮೈಯ ಕಾಳಜಿ ಮುಂದೆ, ಪುಸ್ತಕ ಹಿಂದೆ. ಹೀಗೆ ಮೈಯನ್ನೂ ಲೆಕ್ಕಕ್ಕೆ ಹಿಡಿಯುವುದಕ್ಕೆ ಒಂದು ಆಧಾರವಿದೆ. ಲೂಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕೂತು, ಆಮೇಲೆ ಅಪ್ಪ ಅಮ್ಮನ ಜೊತೆ ಊರಿಗೆ ಮರಳುತ್ತಾನೆ. ಆ ಪ್ರಸಂಗ ಮುಗಿಯುವಾಗ ಸುವಾರ್ತೆಕಾರ ಹುಡುಗ ಹೇಗೆ ಬೆಳೆದ ಎಂದು ಒಂದೇ ವಾಕ್ಯದಲ್ಲಿ ಹೇಳುತ್ತಾನೆ: ಬುದ್ಧಿ ಬೆಳೆಯಿತು, ಮೈ ಬೆಳೆಯಿತು, ದೇವರ ದಯೆ ಸಿಕ್ಕಿತು, ಜನರ ಪ್ರೀತಿಯೂ ಸಿಕ್ಕಿತು. ಕ್ರೈಸ್ತ ಶಿಕ್ಷಕರು ಈ ನಾಲ್ಕನ್ನೇ ಹಿಡಿದು ಟೈಮ್‌ಟೇಬಲ್ ಮಾಡಿದರು. ನಾಲ್ಕರಲ್ಲಿ ಶೇಕಡಾವಾರಿಗೆ ಸಿಗುವುದು ಒಂದೇ. ಉಳಿದ ಮೂರು ಯಾವ ಫ್ಲೆಕ್ಸಿಗೂ ಏರುವುದಿಲ್ಲ.

ಮೈ ಬೆಳೆಸುವ ಕೆಲಸವನ್ನು ಜೋರಾಗಿ ಹಿಡಿದವರು ಕ್ರೈಸ್ತ ಯುವಕರ ಸಂಘವಾದ ವೈಎಂಸಿಎದವರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಚಳಿಗೆ ಒಳಗೇ ಕೂತ ಹುಡುಗರ ದಾಂಧಲೆ ತಾಳಲಾರದೆ ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರರು ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಬಡಿದು ಬ್ಯಾಸ್ಕೆಟ್‌ಬಾಲ್ ಹುಟ್ಟಿಸಿದರು. ನಾಲ್ಕು ವರ್ಷಕ್ಕೆ ಅದೇ ಸಂಸ್ಥೆಯ ವಿಲಿಯಂ ಮಾರ್ಗನ್ ವಾಲಿಬಾಲ್ ಕಂಡುಹಿಡಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ದಕ್ಷಿಣದ ಶಾಲೆಗಳಿಗೆ ಸೀಟಿ ಊದುವ ಪಿ.ಟಿ. ಮಾಸ್ತರರು ತಯಾರಾಗತೊಡಗಿದ್ದು ಅಲ್ಲಿಂದ. ಇವತ್ತು ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಸಂಜೆ ಎರಡು ಬಿದಿರು ಹೂಳಿ ನೆಟ್ ಕಟ್ಟಿ ವಾಲಿಬಾಲ್ ಹೊಡೆಯುವ ಹುಡುಗರಿಗೆ ಇದೊಂದು ಪಾದ್ರಿಗಳ ಬಳಗದ ಆಟ ಎಂದು ಹೇಳಿ ನೋಡಿ, “ಸುಮ್ಕಿರ್ರಿ ಸರ” ಎಂದು ಇನ್ನೊಂದು ಸ್ಮ್ಯಾಶ್ ಹೊಡೆಯುತ್ತಾರೆ.

ಮೈಯ ಮಾತು ಸಾಕು, ಸಾಧನೆಯ ಮಾತಿಗೆ ಬರೋಣ. ಮಿಶನ್ ಶಾಲೆಯಲ್ಲಿ ಓದಿದ ವಿದ್ಯಾರ್ಥಿಗಳ ಪೈಕಿ ನನ್ನ ಲೆಕ್ಕಕ್ಕೆ ಮೊದಲ ರ್‍ಯಾಂಕು ಉತ್ತಂಗಿ ಚನ್ನಪ್ಪನವರದು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ ಶಾಲೆಗಳಲ್ಲಿ ಕಲಿತು, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಪಾದ್ರಿಯಾದವರು. ಹಾಗಿದ್ದವರು ಊರೂರು ತಿರುಗಿ ಹಸ್ತಪ್ರತಿ ಹುಡುಕಿ, ಜನರ ಬಾಯಿಂದ ಬರೆದುಕೊಂಡು 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಹಾಕಿಸಿದರು. ಸುವಾರ್ತೆ ಸಾರಲು ಕಲಿಸಿದ ಶಾಲೆಯ ಹುಡುಗ ಸರ್ವಜ್ಞನನ್ನು ಸಾರುತ್ತ ತಿರುಗಿದ. ಇದನ್ನು ಶಾಲೆಯ ಸಾಧನೆ ಎನ್ನುವುದೋ, ಶಾಲೆಯ ಕೈತಪ್ಪಿದ ಹುಡುಗ ಎನ್ನುವುದೋ? ಎರಡನೆಯದನ್ನು ಹೇಳುವವರು ಆಗಲೂ ಇದ್ದಿರಬೇಕು. ನಾನು ಮೊದಲನೆಯವರ ಕಡೆ. ನಿಜಾಮನ ಆಳ್ವಿಕೆ ಮುಗಿದು ವರ್ಷವಾಗಿತ್ತೋ ಇಲ್ಲವೋ, ನಮ್ಮ ಕಲಬುರಗಿಯಲ್ಲೇ 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಉರ್ದುವಿನಲ್ಲಿ ದಫ್ತರ ಬರೆದು ಬರೆದು ಕನ್ನಡ ಮರೆಯುವ ಹಂತಕ್ಕೆ ಬಂದ ಸೀಮೆಗೆ ಅಧ್ಯಕ್ಷರಾಗಿ ಬಂದವರು ಇದೇ ಚನ್ನಪ್ಪನವರು.

ಹೀಗಿರುವಾಗ ಈಗಿನ ಕೆಲವು ಖಾಸಗಿ ಶಾಲೆಗಳಲ್ಲಿ ಕನ್ನಡ ಮಾತಾಡಿದ ಮಗುವಿಗೆ ಹತ್ತು ರೂಪಾಯಿ ದಂಡ ಹಾಕುತ್ತಾರಂತೆ. ಹೆಸರಿನ ಮುಂದೆ ಸಂತರನ್ನು ಕೂರಿಸಿಕೊಂಡ ಶಾಲೆಗಳೂ ಇದರಲ್ಲಿ ಇವೆ, ಅಂಥ ಸಂತರ ಗೊಡವೆಯಿಲ್ಲದವೂ ಇವೆ. ಮಿಶನರಿ ಕಿಟೆಲ್ ಸಾಹೇಬರು ಈ ಶಾಲೆಗಳಿಗೆ ಸೇರಿದ್ದರೆ ದಂಡ ಕಟ್ಟಿ ಕಟ್ಟಿ ದಿವಾಳಿಯಾಗಿ, ಅವರ 1894ರ ಕನ್ನಡ ನಿಘಂಟು ‘ಅ’ ಅಕ್ಷರ ದಾಟುತ್ತಿರಲಿಲ್ಲ.

ಕಲಿಸಿದವರ ಕೈತಪ್ಪಿದ ಹುಡುಗರ ಪೈಕಿ ಸುರಪುರದ ಕಥೆ ಇನ್ನೂ ವಿಚಿತ್ರ. ಅಲ್ಲಿ ಒಬ್ಬನೇ ವಿದ್ಯಾರ್ಥಿ, ಒಬ್ಬರೇ ಮಾಸ್ತರರು. ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನು. ಸಂಸ್ಥಾನದ ಆಡಳಿತವನ್ನೂ ಹುಡುಗನ ಪಾಲನೆ, ಶಿಕ್ಷಣವನ್ನೂ ಟೇಲರ್ ಸುಮಾರು ಹನ್ನೆರಡು ವರ್ಷ ಹೊತ್ತರು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ. ಹುಡುಗ ಅವರನ್ನು “ಅಪ್ಪಾ” ಎಂದೇ ಕರೆಯುತ್ತಿದ್ದನಂತೆ. ಟೇಲರ್ ಕಾದಂಬರಿಕಾರರು, ಚಿತ್ರ ಬರೆಯುವವರು, ರಸ್ತೆ ಕೆರೆ ಮಾಡಿಸಿದವರು. ಸರ್ವಾಂಗೀಣ ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಗುರು ಯಾರು ಸಿಗಬೇಕು? 1858ರ ಫೆಬ್ರವರಿಯಲ್ಲಿ ಆ ವಿದ್ಯಾರ್ಥಿ ಗುರುಗಳ ಸರಕಾರದ ಮೇಲೆಯೇ ಕತ್ತಿ ಹಿಡಿದು ನಿಂತ. ಸೋತ, ಸೆರೆಯಾದ. ಗುರು ಓಡಾಡಿ ಶಿಕ್ಷೆ ಕಡಿಮೆ ಮಾಡಿಸಲು ನೋಡಿದರು. ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಸಿಕ್ಕು ಸತ್ತ. ತಾನೇ ಹೊಡೆದುಕೊಂಡನೋ ಬೇರೆಯವರು ಹೊಡೆದರೋ ಎಂಬ ವಾದ ಸುರಪುರದ ಕಟ್ಟೆಗಳ ಮೇಲೆ ಇನ್ನೂ ನಿಂತಿಲ್ಲ. ಶಿಷ್ಯನ ಈ ಬಂಡಾಯವನ್ನು ಟೇಲರ್ ಸಾಹೇಬರ ಪ್ರೋಗ್ರೆಸ್ ಕಾರ್ಡಿನಲ್ಲಿ ಯಾವ ಕಾಲಮಿಗೆ ಬರೆಯೋಣ? ಕಲಿಸಿದವರಿಗೆ ಎದುರಾಗಿ ನಿಲ್ಲುವಷ್ಟು ಕಲಿತದ್ದೂ ಕಲಿಕೆಯೇ ಅಲ್ಲವೇ ಎಂದು ನಾನು ಕೇಳಿದರೆ, ಹೆಡ್‌ಮಾಸ್ತರರಾದ ನನ್ನ ಗೆಳೆಯರು ಚಹಾದ ಕಪ್ಪು ಕೆಳಗಿಟ್ಟು, “ನಿಮಗೇನ್ರಿ, ಬಿಇಓ ಮೀಟಿಂಗಿಗಿ ಹೋಗೋರು ನಾವು” ಎನ್ನುತ್ತಾರೆ.

ಅವರ ಸಂಕಟವೂ ಖರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಉಡುಪಿ ಶೇ. 94 ಪಡೆದು ಮೊದಲು ಬಂತು, ಯಾದಗಿರಿ ಶೇ. 50.59ಕ್ಕೆ ಇಳಿದು ಕಟ್ಟಕಡೆಗೆ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿ, ಅಪ್ಪ ಅಮ್ಮ ಬೆಂಗಳೂರಿಗೋ ಮುಂಬೈಗೋ ಗುಳೆ. ಫಲಿತಾಂಶ ಎಲ್ಲಿಂದ ಬರಬೇಕು? ಆದರೆ ಮೇಲಿನವರಿಗೆ ಉತ್ತರ ಕೊಡಬೇಕಲ್ಲ. ದಸರಾ ಮುಗಿಯುವುದೇ ತಡ, ಗಣಿತದ ಸರು ಪಿ.ಟಿ. ಪೀರಿಯಡ್ ನುಂಗುತ್ತಾರೆ, ವಿಜ್ಞಾನದ ಅಕ್ಕೋರು ಸಂಗೀತ ನುಂಗುತ್ತಾರೆ, ಡ್ರಾಯಿಂಗು ಇಂಗ್ಲಿಷಿನ ಹೊಟ್ಟೆಗೆ. ಸೀಟಿ ಕಪಾಟಿನೊಳಗೆ, ಹಾರ್ಮೋನಿಯಂ ಅದರ ಮೇಲೆ. ಸರಕಾರಿ ಶಾಲೆ, ಮಠದ ಶಾಲೆ, ಮಿಶನ್ ಶಾಲೆ ಎಂಬ ಭೇದ ಇದಕ್ಕಿಲ್ಲ. ಇಷ್ಟು ನುಂಗಿಯೂ ಗಣಿತ ಬಡಕಲಾಗಿಯೇ ಇದೆ ಎಂಬುದು ಬೇರೆ ಮಾತು.

ಮಿಶನ್ ಶಾಲೆಗಳಲ್ಲಿ ನುಂಗಲು ಬಗ್ಗದೆ ಉಳಿದದ್ದು ಒಂದೇ, ಕ್ರಿಸ್‌ಮಸ್ ನಾಟಕದ ತಾಲೀಮು. ಅಂಥದೊಂದು ನಾಟಕಕ್ಕೆ ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಕುರಿಕಾಯುವವನ ಪಾತ್ರ ಒಬ್ಬ ಏಳನೇ ತರಗತಿಯವನದು. ಗಣಿತದಲ್ಲಿ ಎಂದೂ ಎರಡಂಕಿ ಕಂಡವನಲ್ಲ, ಆದರೆ ಮನೆಯಲ್ಲಿ ಅರವತ್ತು ಕುರಿ. ಅಜ್ಜನ ಕರಿ ಕಂಬಳಿ ಹೊದ್ದು, ಕೋಲು ಹಿಡಿದು ಬಂದಿದ್ದ. ಅಕ್ಕೋರು ಹತ್ತಿಯಲ್ಲಿ ಮಾಡಿದ ಮರಿಯನ್ನು ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಇಟ್ಟುಕೊಟ್ಟರು. ಹುಡುಗ ವೇದಿಕೆಗೆ ಬಂದವನೇ ಅದನ್ನು ತೆಗೆದು, ಕಂಬಳಿಯ ಮಡಿಕೆಯೊಳಗೆ ಕತ್ತಷ್ಟೇ ಹೊರಗಿರುವ ಹಾಗೆ ಸಿಕ್ಕಿಸಿಕೊಂಡ. ಕಾಣದ ಹಿಂಡನ್ನು ನಾಲಿಗೆ ಲೊಟಕಿಸಿ ಕರೆದ ದನಿಗೆ ಹಿಂದೆ ಕೂತ ಹೆಂಗಸರೆಲ್ಲ ಹೊಳ್ಳಿ ನೋಡಿದರು, ಎಲ್ಲಿಂದಾದರೂ ಖರೇ ಕುರಿ ಬಂದವೇನೋ ಎಂದು. ಅಷ್ಟರಲ್ಲಿ ಟಿಶ್ಯೂ ಪೇಪರಿನ ರೆಕ್ಕೆ ಕಟ್ಟಿದ ದೇವದೂತ, ತರಗತಿಗೆ ಮೊದಲು ಬರುವ ಹುಡುಗಿ, ಮಾತು ಮರೆತು ನಿಂತಳು. ಸಭೆ ಗಪ್‌ಚಿಪ್. ನಮ್ಮ ಕುರಿಗಾರ ಕೋಲೂರಿ, “ಹೇಳಬೇ, ಹಿಂಡು ಬಿಟ್ಟು ಬಂದೀನಿ” ಎಂದುಬಿಟ್ಟ. ಸಭೆ ನಕ್ಕಿತು, ಆಕೆಗೂ ನಗು ಬಂತು, ನಗುವಿನ ಜೊತೆಗೆ ಮಾತೂ ಬಂತು.

ಕಂಬಳಿ ಮಾತ್ರ ಶಾಲೆಯ ಕಪಾಟಿನಲ್ಲೇ ಉಳಿಯಿತು, ಮುಂದಿನ ವರ್ಷದ ನಾಟಕಕ್ಕೂ ಬೇಕೆಂದು. ಅಜ್ಜ ಎರಡು ಸಲ ಕೇಳಲು ಬಂದು ಬರಿಗೈಯಲ್ಲಿ ಹೋದರು. ಮೂರನೇ ಸಲ ಬಂದವರು ಹೆಡ್‌ಮಿಸ್ಟ್ರೆಸ್ ಎದುರಿನ ಬೆಂಚಿನ ಮೇಲೆ ಸಾವಕಾಶ ಕೂತು ಹೇಳಿದರು: “ಇರ್ಲಿ ಬಿಡ್ರಿ ಅಕ್ಕೋರೆ, ನೀವೇ ಇಟ್ಕೋರಿ. ಅದರ ಬಾಡಿಗಿ ಹುಡುಗನ ಫೀಜಿನಾಗ ಮುರ್ಕೊಂಡ್ರಾಯ್ತು.”