ದೇಗಾಂವಕ್ಕೆ ಬಂದ ಒಂದೇ ಪೊಟ್ಟಣ

ಧಾರವಾಡದಿಂದ ಬೆಳಗಾವಿಗೆ ಹೋಗುವವರಿಗೆಲ್ಲ ಕಿತ್ತೂರು ಗೊತ್ತು. ರಾಣಿ ಚನ್ನಮ್ಮನ ಕೋಟೆ ನೋಡಲು ಶಾಲಾ ಮಕ್ಕಳ ಬಸ್ಸುಗಳು ಬಂದು ನಿಲ್ಲುವ ಊರು ಅದು. ಆದರೆ ಅಲ್ಲಿಂದ ಐದಾರು ಕಿಲೋಮೀಟರ್ ದೂರದ ದೇಗಾಂವಕ್ಕೆ ಬರುವವರು ಕಡಿಮೆ. ಕೋಟೆ ನೋಡಿದ ಬಸ್ಸು ಹಾಗೇ ಹೆದ್ದಾರಿ ಹಿಡಿಯುತ್ತದೆ. ಒಂದು ತಾಸು ಕೈಯಲ್ಲಿದ್ದರೆ ದೇಗಾಂವದ ದಾರಿ ಹಿಡಿಯಿರಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಅಲ್ಲಿರುವುದು ಕಮಲನಾರಾಯಣ ದೇವಸ್ಥಾನ. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಕಟ್ಟಿದ ಶಿಲ್ಪಿ ತಿಪ್ಪೋಜ. ಒಂದೇ ಗುಡಿಯಲ್ಲಿ ಮೂರು ಗರ್ಭಗುಡಿಗಳು. ಒಳಗೆ ಹೋದವರು ಕಂಬಗಳನ್ನು ನೋಡಿ ತಿರುಗಿ ಬರಬಾರದು, ಕತ್ತೆತ್ತಿ ಛಾವಣಿಯನ್ನೂ ನೋಡಬೇಕು. ಕಲ್ಲಿನ ಕಮಲಗಳು ಅಲ್ಲಿ ಅರಳಿವೆ. ಬಿಸಿಲ ಹೊತ್ತಿನಲ್ಲೂ ಒಳಗೆ ತಂಪು. ಊರಿನ ಮಕ್ಕಳಿಗೆ ಅದು ದೇವರ ಗುಡಿಯೂ ಹೌದು, ರಜೆಯ ದಿನ ಕೂಡುವ ಜಾಗವೂ ಹೌದು.

ನನ್ನ ಅಕ್ಕನ ಮನೆ ಇದೇ ಊರಿನಲ್ಲಿದೆ. ಈ ಸಲ ದೀಪಾವಳಿಗೆ ಹೋದಾಗ ಅಕ್ಕನ ಮಗಳು ಚಕ್ಕುಲಿಯ ತಟ್ಟೆಗಿಂತ ಮೊದಲು ಒಂದು ಚೀಟಿ ತಂದು ಕೈಗಿಟ್ಟಳು. ಏಳನೆಯ ತರಗತಿಯ ಹುಡುಗಿ. ಶಾಲೆಯಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇತ್ತು. ಕತ್ತಲಾದ ಕೂಡಲೇ ತಾನೇ ಹೊತ್ತಿಕೊಳ್ಳುವ ದೀಪ ಮಾಡಬೇಕೆಂದು ಅವಳ ಹಂಬಲ.

ಆ ದೀಪಕ್ಕೆ ಬೇಕಾದದ್ದು ಬಹಳವೇನಿಲ್ಲ. ಬಿಸಿ 547 ಎಂಬ ಒಂದು ಟ್ರಾನ್ಸಿಸ್ಟರ್, ಎಲ್‌ಡಿಆರ್ ಎಂಬ ಬೆಳಕು ಗುರುತಿಸುವ ಒಂದು ಬಿಡಿಭಾಗ, ಒಂದು ಎಲ್‌ಇಡಿ, ಎರಡು ರೆಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ. ಎಲ್‌ಡಿಆರ್ ಮೇಲೆ ಬೆಳಕು ಬಿದ್ದಾಗ ಅದರ ವಿದ್ಯುತ್ ರೋಧ ಕಡಿಮೆ, ಕತ್ತಲಲ್ಲಿ ನೂರಾರು ಪಟ್ಟು ಹೆಚ್ಚು. ಬೆಳಕಿದ್ದಾಗ ವಿದ್ಯುತ್ತು ಎಲ್‌ಡಿಆರ್ ಮೂಲಕವೇ ಹರಿದುಹೋಗಿ ಟ್ರಾನ್ಸಿಸ್ಟರ್ ಸುಮ್ಮನಿರುತ್ತದೆ. ಕತ್ತಲಾದಾಗ ಆ ದಾರಿ ಮುಚ್ಚಿದಂತಾಗಿ, ವಿದ್ಯುತ್ತು ಟ್ರಾನ್ಸಿಸ್ಟರಿನ ಕಡೆ ತಿರುಗುತ್ತದೆ, ದೀಪ ಹೊತ್ತುತ್ತದೆ. ಹೊಲದ ಕಾಲುವೆಯಲ್ಲಿ ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದಕ್ಕೆ ನೀರು ತಿರುಗಿಸಿದ ಹಾಗೆ.

ಹುಡುಗಿಗೆ ಇದೆಲ್ಲ ಗೊತ್ತಿತ್ತು. ಅವಳ ತೊಡಕು ಬೇರೆ. ಅಪ್ಪನ ಫೋನಿನಲ್ಲಿ ನೋಡಿದ್ದಳು. ಬ್ಯಾಟರಿ ಬಿಟ್ಟು ಉಳಿದ ಸಾಮಾನಿಗೆಲ್ಲ ಸೇರಿ 28 ರೂಪಾಯಿ, ಅದನ್ನು ಊರಿಗೆ ತಂದುಕೊಡಲು 80 ರೂಪಾಯಿ.

“ಮಾಮಾ, ಎರಡ ರೂಪಾಯಿ ಟ್ರಾನ್ಸಿಸ್ಟರ್ ಬೆಂಗಳೂರಿಂದ ಎಂಬತ್ತ ರೂಪಾಯಿ ತಿಕೀಟ ತಗದ ಬರ್ತೈತೇನ? ಅಪ್ಪ ಬ್ಯಾಡ ಅಂದಾನ” ಎಂದಳು.

ಅವಳ ಅಪ್ಪ ಜಿಪುಣನಲ್ಲ. 28 ರೂಪಾಯಿಯ ಸಾಮಾನಿಗೆ 108 ಕೊಡಲು ಯಾವ ರೈತನ ಮನಸ್ಸೂ ಒಪ್ಪದು. ಪಟ್ಟಣದ ಮಗುವಾದರೆ ಸೈಕಲ್ ಮೇಲೆ ಹೋಗಿ ಒಂದು ರೆಸಿಸ್ಟರ್ ತಂದುಕೊಳ್ಳುತ್ತದೆ. ಹಳ್ಳಿಯ ಮಗುವಿನ ಕಲಿಕೆ ಮಾತ್ರ ಸಾಗಣೆಯ ಖರ್ಚಿನ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಈ ಹೊಸ್ತಿಲು ದಾಟುವುದು ಹೇಗೆಂದು ಯೋಚಿಸಿದಾಗ ಉತ್ತರ ಊರಿನಲ್ಲೇ ಇತ್ತು. ದೇಗಾಂವದಿಂದ ಯಾರೇ ಧಾರವಾಡಕ್ಕೆ ಹೊರಟರೂ ನಾಲ್ಕು ಮನೆಯವರು ಚೀಟಿ ಕೊಟ್ಟು ಕಳಿಸುತ್ತಾರೆ. ಒಬ್ಬರಿಗೆ ಔಷಧ, ಒಬ್ಬರಿಗೆ ಪಂಪಿನ ವಾಷರ್, ಒಬ್ಬರಿಗೆ ಹೊಲಿಗೆ ಯಂತ್ರದ ಸೂಜಿ. ಬಸ್ಸಿನ ತಿಕೀಟು ಒಂದೇ, ಚೀಲ ಎಲ್ಲರದು. ಈ ಪದ್ಧತಿ ಟ್ರಾನ್ಸಿಸ್ಟರಿಗೂ ಒಗ್ಗಬೇಕಲ್ಲ?

“ನಿನ್ನ ಹಾಗೆ ಇನ್ನೂ ಯಾರು ಏನೇನು ಮಾಡಾಕತ್ತಾರ, ಕೇಳಿಕೊಂಡು ಬಾ” ಎಂದೆ. ಸಂಜೆಗೆ ಗುಡಿಯ ಜಗಲಿಯಲ್ಲಿ ಐದು ಮಕ್ಕಳು ಕೂಡಿದರು. ಎಲ್ಲರಿಗೂ ಅಂಥದೇ ಒಂದು ದೀಪ ಬೇಕಿತ್ತು. ಒಬ್ಬ ಅದನ್ನು ದನದ ಕೊಟ್ಟಿಗೆಗೆ ಹಚ್ಚುವವನು, ಇನ್ನೊಬ್ಬಳು ತುಳಸಿಕಟ್ಟೆಗೆ. ಪಾಟಿಯ ಮೇಲೆ ಲೆಕ್ಕ ಹಾಕಿದೆವು.

ಐವರೂ ಬೇರೆ ಬೇರೆ ತರಿಸಿದರೆ ಸಾಮಾನಿಗೆ 140, ಸಾಗಣೆಗೆ 400, ಒಟ್ಟು 540 ರೂಪಾಯಿ. ಒಟ್ಟಿಗೆ ತರಿಸಿದರೆ ಸಾಮಾನಿಗೆ 140, ಸಾಗಣೆಗೆ 80, ಒಟ್ಟು 220. ತಲೆಗೆ 108 ಕೊಡುವ ಬದಲು 44. ಐವರ ಬಿಡಿಭಾಗ ಒಟ್ಟಿಗೆ ತೂಗಿದರೂ ನೂರು ಗ್ರಾಂ ಆಗದು, ಆದ್ದರಿಂದ ಸಾಗಣೆ ಹೆಚ್ಚಾಗುವ ಭಯವಿಲ್ಲ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆ ಕೇಳಿದ್ದೀರಲ್ಲ. ಹತ್ತು ಮಂದಿಯ ಹುಲ್ಲುಕಡ್ಡಿಗೆ ಹತ್ತು ಗಾಡಿ ಕಟ್ಟುವವರು ಯಾರೂ ಇಲ್ಲ.

ಗುಡಿಯಲ್ಲೇ ಕೂತಿದ್ದರಿಂದ ಹಳೆಯ ಕಾಲದ ಮಾತೂ ಬಂತು. ಈ ಗುಡಿ ಕಟ್ಟಿಸಿದ ಅರಸರ ರಾಜಧಾನಿ ಗೋಪಕಪಟ್ಟಣ. ಅದು ಗೋವೆಯಲ್ಲಿ ಜುವಾರಿ ನದಿಯ ದಡದ ಬಂದರು. ಹಲಸಿ ಅವರ ಇನ್ನೊಂದು ನೆಲೆ, ಈಗಿನ ಖಾನಾಪುರ ತಾಲ್ಲೂಕಿನಲ್ಲಿದೆ. ಬಂದರಿನ ಸರಕು ಈ ಸೀಮೆಗೆ ಬರಬೇಕೆಂದರೆ ಸಹ್ಯಾದ್ರಿಯ ಘಟ್ಟ ಹತ್ತಬೇಕು. ಆ ಕಾಲದ ವ್ಯಾಪಾರಿಗಳು ಎತ್ತು, ಕತ್ತೆಗಳ ಮೇಲೆ ಹೇರು ಹಾಕಿ, ಕಾವಲಿನವರನ್ನು ಕಟ್ಟಿಕೊಂಡು ಗುಂಪಾಗಿ ನಡೆಯುತ್ತಿದ್ದರು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವ್ಯಾಪಾರಿಗಳ ಸಂಘ ದಕ್ಷಿಣ ಭಾರತದ ತುಂಬ ಹಬ್ಬಿತ್ತು. ಐನೂರ್ವರ ಹೆಸರಿನ 1088ರ ತಮಿಳು ಶಾಸನವೊಂದು ಕಡಲಾಚೆಯ ಸುಮಾತ್ರಾ ದ್ವೀಪದಲ್ಲೂ ಸಿಕ್ಕಿದೆ. ಒಬ್ಬನೇ ಹೋದರೆ ಕಾವಲಿನ ಖರ್ಚು, ಕಳ್ಳರ ಭಯ ಎಲ್ಲ ಒಬ್ಬನ ತಲೆಯ ಮೇಲೆ. ಕೂಡಿ ಹೋದರೆ ಎಲ್ಲರಿಗೂ ಹಂಚಿಹೋಗುತ್ತದೆ. “ಹಂಗಾರ ನಾವು ದೇಗಾಂವ ಐವರು” ಎಂದ ಕೊಟ್ಟಿಗೆಯ ದೀಪದ ಹುಡುಗ.

ಇನ್ನು ಪಟ್ಟಿ ಮಾಡುವ ಕೆಲಸ. ಇದರಲ್ಲೇ ಅರ್ಧ ಉಳಿತಾಯ ಅಡಗಿದೆ.

ಮೊದಲು, ಹತ್ತಿರ ಸಿಗುವುದನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಬ್ಯಾಟರಿ, ವೈರು, ಇನ್ಸುಲೇಶನ್ ಟೇಪು ಕಿತ್ತೂರಿನಲ್ಲೇ ಸಿಗುತ್ತವೆ. ತೂಕದ ಸಾಮಾನೂ ಅವೇ. ಸಂತೆಗೆ ಹೋದವರು ತಂದರಾಯಿತು.

ಎರಡನೆಯದು, ಮನೆಯಲ್ಲೇ ಇರುವುದನ್ನು ಹುಡುಕಿದೆವು. ಅಟ್ಟದ ಮೇಲಿನ ಕೆಟ್ಟ ರೇಡಿಯೊದಲ್ಲಿ ಸ್ವಿಚ್ಚು, ಸ್ಪೀಕರು, ಸಣ್ಣ ಸ್ಕ್ರೂಗಳು ಇದ್ದವು. ಹಳೆಯ ಆಟಿಗೆ ಕಾರಿನಲ್ಲಿ ಮೋಟಾರು ಇತ್ತು. ಮಕ್ಕಳೇ, ಒಂದು ಮಾತು ನೆನಪಿಡಿ. ಮನೆಯ ಕರೆಂಟಿನಲ್ಲಿ ನಡೆಯುವ ಟಿವಿ, ಚಾರ್ಜರುಗಳನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಬ್ಯಾಟರಿಯ ಆಟಿಗೆ, ಬ್ಯಾಟರಿಯ ರೇಡಿಯೊ ಸಾಕು, ಅದೂ ದೊಡ್ಡವರು ಹತ್ತಿರವಿರುವಾಗ.

ಮೂರನೆಯದು, ಒಂದೆರಡು ಹೆಚ್ಚಿಗೆ ಬರೆದೆವು. ಐದು ಟ್ರಾನ್ಸಿಸ್ಟರಿನ ಬದಲು ಏಳು. ಕಾಲು ಮುರಿದೋ, ಉಲ್ಟಾ ಜೋಡಿಸಿಯೋ ಒಂದಾದರೂ ಕೆಡುವುದು ಸಹಜ. ಆಗ ಎರಡು ರೂಪಾಯಿಯ ಸಾಮಾನಿಗೆ ಮತ್ತೆ 80 ರೂಪಾಯಿ ಕೊಡುವಂತಾಗಬಾರದು.

ನಾಲ್ಕನೆಯದು ದೊಡ್ಡವರಿಗೆ. ‘ಇಷ್ಟು ರೂಪಾಯಿಗೆ ಕೊಂಡರೆ ಸಾಗಣೆ ಉಚಿತ’ ಎಂದು ಬರೆದಿರುತ್ತಾರೆ. ನಿಮ್ಮ ಪಟ್ಟಿ ಆ ಮೊತ್ತದ ಹತ್ತಿರ ಬಂದಿದ್ದರೆ, ಮುಂದಿನ ತಿಂಗಳು ಬೇಕಾಗುವುದನ್ನು ಈಗಲೇ ಸೇರಿಸಿ. 220ರ ಪಟ್ಟಿಯನ್ನು 500ಕ್ಕೆ ಎಳೆಯುವುದಾದರೆ ಅದು ಉಳಿತಾಯವಲ್ಲ. ಸಾಮಾನು ಬಂದಾಗ ಹಣ ಕೊಡುವ ಪದ್ಧತಿಗೆ ಬೇರೆ ಶುಲ್ಕ ಹಾಕುವವರೂ ಇದ್ದಾರೆ, ಅದನ್ನೂ ಕೂಡಿಸಿ ನೋಡಿ. ತೆರಿಗೆ, ಸಾಗಣೆ ಎಲ್ಲ ಸೇರಿದ ಕೊನೆಯ ಸಾಲಿನ ಮೊತ್ತವನ್ನೇ ಎರಡು ಮೂರು ಅಂಗಡಿಗಳಲ್ಲಿ ಹೋಲಿಸಬೇಕು.

ಡಬ್ಬಿಯ ಅಳತೆಯಲ್ಲೂ ಒಂದು ಗುಟ್ಟಿದೆ. ಅನೇಕ ಕೊರಿಯರ್‌ಗಳು ತೂಕದ ಜೊತೆಗೆ ಡಬ್ಬಿ ಎಷ್ಟು ಜಾಗ ಹಿಡಿಯುತ್ತದೆಂದೂ ನೋಡುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30, 20, 10 ಸೆಂಟಿಮೀಟರಿನ ಡಬ್ಬಿ ಎಂದರೆ 6000, ಭಾಗಿಸಿದರೆ 1.2 ಕಿಲೋ. ಒಳಗೆ ನೂರು ಗ್ರಾಂ ಇದ್ದರೂ ಬಾಡಿಗೆ 1.2 ಕಿಲೋಗೆ! ಸಣ್ಣ ಬಿಡಿಭಾಗಗಳಿಗೆ ದಪ್ಪ ಕವರು ಸಾಕು ಎಂದು ಅಂಗಡಿಯವರಿಗೆ ಮೊದಲೇ ಹೇಳಿದರೆ ಒಳ್ಳೆಯದು.

ಊರ ತನಕ ತಲುಪುವುದೂ ಲೆಕ್ಕದೊಳಗೇ ಬರಬೇಕು. ಕೊರಿಯರ್‌ನವರು ಕಿತ್ತೂರಿಗೆ ಬಂದು “ಬಂದು ಒಯ್ಯಿರಿ” ಎಂದು ಫೋನ್ ಮಾಡಿದರೆ, ಹೋಗಿಬರುವ ಪೆಟ್ರೋಲೂ ಸಾಗಣೆಯ ಖರ್ಚೇ. ಅಂಚೆಯಾದರೆ ಮನೆಬಾಗಿಲಿಗೆ ಬರುತ್ತದೆ. ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹೆಚ್ಚಿನವು ಇರುವುದು ಹಳ್ಳಿಗಳಲ್ಲೇ. ಇಡೀ ಶಾಲೆಗೆ ದೊಡ್ಡ ಗಂಟು ಬರುವುದಿದ್ದರೆ ಸರ್ಕಾರಿ ಬಸ್ಸುಗಳಲ್ಲಿ ಪಾರ್ಸೆಲ್ ಒಯ್ಯುವ, 2021ರಲ್ಲಿ ಶುರುವಾದ ‘ನಮ್ಮ ಕಾರ್ಗೋ’ ಸೇವೆಯ ದರವನ್ನೂ ಕೇಳಿ ನೋಡಬಹುದು.

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗುವವರು ಯಾರಾದರೂ ಇದ್ದರೆ ಇನ್ನೂ ಸುಲಭ. ಅಲ್ಲಿನ ಸಾದರ ಪತ್ರಪ್ಪ ರಸ್ತೆಗೆ ಎಲ್ಲರೂ ಎಸ್.ಪಿ. ರಸ್ತೆ ಎನ್ನುತ್ತಾರೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಒಮ್ಮೆ ನಾನು ಅಲ್ಲಿ ಅರ್ಧ ದಿನ ತಿರುಗಿದ್ದೇನೆ. ಕಿರಿದಾದ ಅಂಗಡಿಗಳು, ಗೋಡೆಯ ತುಂಬ ಸಣ್ಣ ಸಣ್ಣ ಖಾನೆಗಳು. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಜೀರಿಗೆ, ಸಾಸಿವೆ ಕೊಟ್ಟಂತೆ ಅಲ್ಲಿ ರೆಸಿಸ್ಟರ್, ಕೆಪಾಸಿಟರ್ ಎಣಿಸಿ ಕೊಡುತ್ತಾರೆ. ನಂಬರು, ಎಣಿಕೆ ಸ್ಪಷ್ಟವಾಗಿ ಬರೆದ ಚೀಟಿ ಇದ್ದರೆ ಕೆಲಸ ಬೇಗ ಆಗುತ್ತದೆ. ಆದರೆ ಟ್ರಾನ್ಸಿಸ್ಟರಿಗಾಗಿಯೇ ಬೆಂಗಳೂರಿಗೆ ಹೋಗುವುದಲ್ಲ, ಹೋಗುವವರ ಚೀಲದಲ್ಲಿ ಜಾಗ ಕೇಳುವುದು.

ನಾನು ಧಾರವಾಡಕ್ಕೆ ಮರಳಿದ ಆರನೆಯ ದಿನ ಪೊಟ್ಟಣ ದೇಗಾಂವ ತಲುಪಿತು. ಅಂಗೈಯಷ್ಟೇ ದೊಡ್ಡದು. ಐವರೂ ಕೂಡಿ ಬಿಚ್ಚಿದರಂತೆ, ಒಬ್ಬರೇ ಬಿಚ್ಚಬಾರದೆಂದು ಮೊದಲೇ ಕರಾರಾಗಿತ್ತು. ಏಳು ಟ್ರಾನ್ಸಿಸ್ಟರುಗಳಲ್ಲಿ ಒಂದು ಕೆಟ್ಟಿತು. ಪ್ರದರ್ಶನದ ದಿನ ಐದು ದೀಪಗಳೂ ರಟ್ಟಿನ ಪೆಟ್ಟಿಗೆಯ ಕತ್ತಲಲ್ಲಿ ಹೊತ್ತಿದವು. ಮುಚ್ಚಳ ತೆಗೆದರೆ ಆರಿದವು. ನೋಡಲು ಬಂದ ಅಜ್ಜಿಯೊಬ್ಬರು ಹತ್ತು ಸಲ ಮುಚ್ಚಿ ತೆಗೆದು ನೋಡಿದರೆಂದು ಅಕ್ಕ ಫೋನಿನಲ್ಲಿ ಹೇಳಿದಳು.

ಉಳಿದ ಬಿಡಿಭಾಗಗಳಿಗೆ ಅಕ್ಕ ತನ್ನ ಹಳೆಯ ಸಾಂಬಾರ ಡಬ್ಬಿ ಕೊಟ್ಟಿದ್ದಾಳೆ. ಜೀರಿಗೆಯ ಬಟ್ಟಲಲ್ಲಿ ರೆಸಿಸ್ಟರ್, ಸಾಸಿವೆಯ ಬಟ್ಟಲಲ್ಲಿ ಎಲ್‌ಇಡಿ. ಅದರ ಜೊತೆಗೊಂದು ನೋಟುಪುಸ್ತಕ. ಯಾರು ಏನು ತೆಗೆದರು, ಇನ್ನೇನು ಬೇಕು ಎಂದು ಅದರಲ್ಲಿ ಬರೆಯಬೇಕು. ಬೇಕಾದ್ದರ ಪಟ್ಟಿ ಹತ್ತು ಸಾಲು ತುಂಬುವವರೆಗೆ ಏನನ್ನೂ ತರಿಸುವಂತಿಲ್ಲ. ಸಂಕ್ರಾಂತಿಗೆ ಹೋದಾಗ ನೋಡಿದೆ. ಏಳು ಸಾಲು ತುಂಬಿದ್ದವು. ಪುಟದ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: “ಯಾರಾದರೂ ಹುಬ್ಬಳ್ಳಿಗೆ ಹೊಂಟ್ರ ಮೊದಲ ಹೇಳ್ರಿ.”